ಹಸಿರು ಬಟನ್

ಆಯುಧಪೂಜೆಯ ಮರುದಿನ ಬೆಳಿಗ್ಗೆ, ಪೆರಂಬೂರಿನ ನಮ್ಮ ವರ್ಕ್‌ಶಾಪಿಗೆ ಆ ವರ್ಷವಷ್ಟೇ ತಂದಿದ್ದ ಕಂಪ್ಯೂಟರ್ ಲೇತ್ ಎಲ್ಲವನ್ನೂ ಮರೆತು ನಿಂತಿತ್ತು. ಹಬ್ಬದ ದಿನ ಯಂತ್ರಕ್ಕೆ ಪೂರ್ತಿ ವಿಶ್ರಾಂತಿ ಇರಲೆಂದು ಮೇನ್ ಸ್ವಿಚ್ಚನ್ನೇ ಆರಿಸಿ ಗಂಧ, ಕುಂಕುಮ ಹಚ್ಚಿದ್ದೆವು. ಕರೆಂಟ್ ಇಲ್ಲದಾಗ ಒಳಗೆ ನೆನಪು ಕಾಯುವ ಬ್ಯಾಟರಿ ಸತ್ತಿರುವುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಡೆಸುವ ಪ್ರೋಗ್ರಾಮಿನ ಪ್ರತಿಯನ್ನೂ ನಾನು ಇಟ್ಟಿರಲಿಲ್ಲ. ಸಂಜೆಯೊಳಗೆ ಅದರಲ್ಲೇ ಕಡೆಯಬೇಕಾದ ಲೋಹದ ಬಳೆಗಳು, ಅಂದರೆ ರೈಲು ಬೋಗಿಯ ಬುಷ್‌ಗಳು ಹೊರಡಬೇಕಿತ್ತು.

ತಲೆ ಹಿಡಿದು ಕುಳಿತಿದ್ದಾಗ ನಮ್ಮ ಹಳೆಯ ಟರ್ನರ್ ಮುನಿರತ್ನಂ ಒಂದು ನೋಟ್‌ಬುಕ್ ತಂದು ಬಿಡಿಸಿದರು. ಇಂಗ್ಲಿಷ್ ಓದಲು ಬಾರದ ಅವರು ಪರದೆಯಲ್ಲಿ ಕಂಡ ಒಂದೊಂದು ಸಾಲನ್ನೂ ಚಿತ್ರ ಬಿಡಿಸಿದಂತೆ ನಕಲು ಮಾಡಿದ್ದರು.

"ಇದನ್ನೆಲ್ಲ ಯಾಕೆ ಬರೆದಿರಿ?" ಎಂದೆ.

"ಮೆಷಿನ್ ಬಂದ ದಿನ, 'ನೀವೇನೂ ತಿಳ್ಕೋಬೇಡಿ, ಪಚ್ಚೆ ಬಟನ್ ಒತ್ತಿದ್ರೆ ಪೋದುಂ, ಅಷ್ಟೇ ಸಾಕು' ಅಂದ್ರಲ್ಲ ಸಾರ್? ಮೂವತ್ತು ವರ್ಷ ಲೇತ್ ಓಡ್ಸಿದವನು ಬರೀ ಬಟನ್ ಒತ್ತೋಕಾ? ಕಲೀದೆ ಬಿಡಲ್ಲ ನಾನು."

ನಾನು ಪುಟದ ಮೇಲೆ ಬೆರಳಿಟ್ಟು ಸಾಲು ತಪ್ಪದಂತೆ ನೋಡಿಕೊಂಡೆ. ಅವರು ಒಂದೊಂದೇ ಅಕ್ಷರ ಹುಡುಕಿ ಕೀಲಿ ಒತ್ತುತ್ತಾ ಹೋದರು. ಊಟದ ಹೊತ್ತು ಮೀರಿದ ಮೇಲೆ ಕೊನೆಯ ಸಾಲು ಮುಗಿಯಿತು. ಮುನಿರತ್ನಂ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದು, "ಈಗ ನೀವು ಒತ್ತಿ ಸಾರ್" ಎಂದರು. ಒತ್ತಿದೆ. ಹೊರಬಂದ ಬುಷ್‌ನ ಅಳತೆ ಸರಿಯಾಗಿತ್ತು.

ಮುಂದಿನ ಆಯುಧಪೂಜೆಗೆ ಹೊಸ ಬ್ಯಾಟರಿ ಹಾಕಿಸಿದ್ದೆ, ಮೇನ್ ಸ್ವಿಚ್ಚನ್ನೂ ಆರಿಸಲಿಲ್ಲ. ಆದರೆ ಮೊದಲ ಕುಂಕುಮ ಇಟ್ಟದ್ದು ಮಾತ್ರ ಆ ನೋಟ್‌ಬುಕ್ಕಿಗೆ.