ಪೂಜೆಗಿಟ್ಟ ಪುಸ್ತಕ

ಶೀನಣ್ಣನವರು ನನ್ನನ್ನು ಮೊದಲ ಸಲ ‘ಯಜಮಾನ್ರೇ’ ಎಂದು ಕರೆದಾಗ ನನಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಗೇಲಿ ಮಾಡುತ್ತಿದ್ದಾರೆ ಎಂದು ಸಿಟ್ಟು ಬಂತು. ಆಮೇಲೆ ತಿಳಿಯಿತು, ಅವರು ಎಲ್ಲರನ್ನೂ ಹಾಗೇ ಕರೆಯುವುದು. ಬಸವನಗುಡಿಯ ನಮ್ಮ ಕಾಲೇಜಿನೊಳಗಿನ ಪುಸ್ತಕದಂಗಡಿ ವಿದ್ಯಾರ್ಥಿಗಳ ಸಹಕಾರ ಸಂಘದ್ದು. ಹತ್ತು ರೂಪಾಯಿ ಕೊಟ್ಟು ಷೇರು ತೆಗೆದುಕೊಂಡ ಪ್ರತಿಯೊಬ್ಬ ಹುಡುಗ, ಹುಡುಗಿಯೂ ಅದಕ್ಕೆ ಒಡೆಯರು. ಸಂಬಳದ ಮನುಷ್ಯ ಶೀನಣ್ಣ ಒಬ್ಬರೇ. ಯಾರು ಒಳಗೆ ಬಂದರೂ ಅವರು ಎದ್ದು ನಿಲ್ಲುತ್ತಿದ್ದರು, ತರಗತಿಗೆ ಚಕ್ಕರ್ ಹೊಡೆದು ಬಂದ ಪೋಲಿಗಳಿಗೂ.

ಅಂಗಡಿಯೆಂದರೆ ಹೊಂಗೆ ಮರದ ಕೆಳಗಿನ ಒಂದು ಉದ್ದ ಕೋಣೆ. ಹನ್ನೊಂದು ಗಂಟೆಗೆ ಗವಾಕ್ಷಿಯಿಂದ ಬಿಸಿಲು ಇಳಿದು, ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿದ್ದವು. ಮಾವಳ್ಳಿಯ ಮನೆಯಿಂದ ಲಾಲ್‌ಬಾಗಿನ ಒಳಗೇ ನಡೆದು ಬರುತ್ತಿದ್ದ ಶೀನಣ್ಣ, ದಾರಿಯಲ್ಲಿ ಬಿದ್ದ ಆಕಾಶಮಲ್ಲಿಗೆ ಆರಿಸಿ ತಂದು ಮೇಜಿನ ಮೇಲಿಡುತ್ತಿದ್ದರು. ಬಾಯಲ್ಲಿ ಯಾವುದೋ ರಾಗ ಗುನುಗುತ್ತ ಪುಸ್ತಕಗಳಿಗೆ ಕಂದು ಕಾಗದದ ಬೈಂಡು ಹಾಕುತ್ತಿದ್ದರು. ಅಲ್ಲಿ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಒಡೆಯರು ಬದಲಾಗುತ್ತಿದ್ದರು, ಆದರೆ ಒಡೆಯರ ವಯಸ್ಸು ಮಾತ್ರ ಇಪ್ಪತ್ತೊಂದು ದಾಟುತ್ತಲೇ ಇರಲಿಲ್ಲ. ಶೀನಣ್ಣನ ತಲೆ ಅದರ ನಡುವೆ ಬೆಳ್ಳಗಾಯಿತು.

೨೦೦೬ರಲ್ಲಿ ನಾನು ಸಂಘದ ಕಾರ್ಯದರ್ಶಿಯಾದೆ. ತಲೆ ಸ್ವಲ್ಪ ತಿರುಗಿತ್ತು ಅನ್ನಬೇಕು. ಅಂಗಡಿಯಲ್ಲಿ ನವರಾತ್ರಿಗೆ ಒಂದು ಪದ್ಧತಿಯಿತ್ತು. ಸರಸ್ವತಿ ಪೂಜೆಯ ದಿನ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಮಣೆಯ ಮೇಲೆ ಪೇರಿಸಿ ಪೂಜೆಗಿಟ್ಟರೆ, ವಿಜಯದಶಮಿಯವರೆಗೆ ಅದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ಆಯುಧಪೂಜೆಯ ಬೆಳಿಗ್ಗೆ ನೋಡುತ್ತೇನೆ, ಎಲ್ಲದರ ಮೇಲೆ ಹಳೇ ಸಿಲಬಸ್ಸಿನ ಒಂದು ಕೆಮಿಸ್ಟ್ರಿ ಪುಸ್ತಕ. ಪೂಜೆ ಮುಗಿದ ಮೇಲೆ ಇದನ್ನು ರದ್ದಿಗೆ ಹಾಕಿಬಿಡಿ ಎಂದೆ.

ಶೀನಣ್ಣ ಯಾವತ್ತೂ ಎದುರಾಡಿದವರಲ್ಲ. ಅವತ್ತು ಮಾತ್ರ, ಇದು ಮಾರಿಹೋದ ಪುಸ್ತಕ, ಇದಕ್ಕೆ ಬೇರೆ ಯಜಮಾನರಿದ್ದಾರೆ ಎಂದು ಕೂತು ಹೇಳತೊಡಗಿದರು.

ಹತ್ತು ವರ್ಷದ ಹಿಂದಿನ ಮಾತು. ತ್ರಿಪುರಸುಂದರಿ ಎಂಬ ಬಿ.ಎಸ್ಸಿ. ಹುಡುಗಿ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಯವರ ಮಗಳು, ಸರಸ್ವತಿ ಪೂಜೆಯ ದಿನವೇ ಓಡಿ ಬಂದಿದ್ದಳು. ವಿಜಯದಶಮಿಯ ಮಾರನೇ ದಿನ ಅವಳಿಗೆ ಮರುಪರೀಕ್ಷೆ. ಅವಳ ಪುಸ್ತಕ ಒಯ್ದ ಗೆಳತಿ ಊರಿಗೆ ಹೋಗಿದ್ದಳು. ಈ ಸಲವೂ ಫೇಲಾದರೆ ಓದು ಸಾಕು, ಮದುವೆ ಎಂದು ಮನೆಯಲ್ಲಿ ಹೇಳಿಯಾಗಿತ್ತು. ನಮ್ಮ ಮೇಷ್ಟ್ರೇ ಬರೆದು ಸಂಘವೇ ಅಚ್ಚು ಹಾಕಿಸಿದ ಪುಸ್ತಕ ಅದು, ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಗಳಲ್ಲೂ ಸಿಗದು. ಉಳಿದಿದ್ದ ಒಂದೇ ಪ್ರತಿ ಪೂಜೆಯಲ್ಲಿತ್ತು. ವಿಜಯದಶಮಿ ಬೆಳಿಗ್ಗೆ ಬನ್ನಿ ಎಂದರು ಶೀನಣ್ಣ.

“ನಾನೂ ಯಜಮಾನಿ ತಾನೇ, ಶೀನಣ್ಣ?” ಎಂದು ಕೇಳಿದ್ದಳಂತೆ. ಅದಕ್ಕೂ ಇವರು ಕೊಡಲಿಲ್ಲ.

ವಿಜಯದಶಮಿಗೆ ಪುಸ್ತಕವಿಟ್ಟುಕೊಂಡು ಸಂಜೆಯವರೆಗೆ ಕಾದರು, ಅವಳು ಬರಲಿಲ್ಲ. ಬಂದದ್ದು ಮಾಘದಲ್ಲಿ, ತನ್ನದೇ ಲಗ್ನಪತ್ರಿಕೆ ಹಿಡಿದುಕೊಂಡು. ‘ಬನ್ನಿ ಶೀನಣ್ಣ’ ಎಂದಷ್ಟೇ ಹೇಳಿ ಹೋದಳು. ಮದುವೆಗೆ ಹೋಗಲು ಇವರಿಗೆ ಮುಖವಿರಲಿಲ್ಲ. ಪುಸ್ತಕವನ್ನು ತಾವೇ ಕೊಂಡು, ಬೈಂಡು ಹಾಕಿ, ಅವಳ ಹೆಸರು ಬರೆದಿಟ್ಟರು. ಈಗ ಅಪ್ಪನ ಅಂಗಡಿಯನ್ನು ತ್ರಿಪುರಸುಂದರಿಯೇ ನಡೆಸುತ್ತಿದ್ದಾರೆಂದು ಶೀನಣ್ಣನಿಗೆ ಗೊತ್ತಿತ್ತು. ಎಷ್ಟೋ ಸಲ ಸುಲ್ತಾನ್‌ಪೇಟೆಯ ತಿರುವಿನವರೆಗೂ ಹೋಗಿ ವಾಪಸು ಬಂದಿದ್ದರು.

ಈಗಲೇ ಕೊಟ್ಟು ಬರೋಣ ಎಂದೆ. ಅವರು ಮಣೆಯ ಕಡೆ ನೋಡಿ, “ಪೂಜೇಲಿದೆಯಲ್ಲ ಯಜಮಾನ್ರೇ, ನಾಳೆ ತೆಗೆಯೋಣ” ಎಂದರು.

“ಅವತ್ತೂ ಇದೇ ಹೇಳಿದ್ರಿ.”

ಅನ್ನಬಾರದಿತ್ತು. ಶೀನಣ್ಣನ ಮುಖ ಚಿಕ್ಕದಾಯಿತು. ಎದ್ದು, ಕೈ ತೊಳೆದು ಬಂದರು. ಮಣೆಗೆ ನಮಸ್ಕರಿಸಿ, ಜನ್ಮದಲ್ಲಿ ಮೊದಲ ಸಲ, ಪೂಜೆಗಿಟ್ಟ ಪುಸ್ತಕವನ್ನು ಎತ್ತಿಕೊಂಡರು.

ಸುಲ್ತಾನ್‌ಪೇಟೆ ಆ ಬಿಸಿಲಿನಲ್ಲಿ ಬೇರೆ ಯಾವುದೋ ಊರಿನ ಹಾಗಿತ್ತು. ರಸ್ತೆ ತುಂಬ ಒಡೆದ ಬೂದುಗುಂಬಳ, ಕುಂಕುಮ, ಊದುಬತ್ತಿಯ ಹೊಗೆ. ಆ ಹೊಗೆಯಲ್ಲಿ ಶೀನಣ್ಣ ಪುಸ್ತಕವನ್ನು ಎದೆಗವುಚಿಕೊಂಡು ನಿದ್ದೆಯಲ್ಲಿರುವವರಂತೆ ನಡೆದರು. ಬಾಳೆಕಂದು ಕಟ್ಟಿದ ಅಂಗಡಿಯೊಂದರಲ್ಲಿ, ಕಾಗದ ಕತ್ತರಿಸುವ ಯಂತ್ರಕ್ಕೆ ಮೂವತ್ತರ ಹೆಂಗಸೊಬ್ಬರು ಹೂ ಏರಿಸುತ್ತಿದ್ದರು. ಇವರನ್ನು ಕಂಡ ಕೂಡಲೇ ಅವರ ಕೈ ನಿಂತಿತು.

“ನಿಮ್ಮ ಪುಸ್ತಕ, ಯಜಮಾನ್ರೇ. ತಡ ಮಾಡ್ಬಿಟ್ಟೆ.”

ತ್ರಿಪುರಸುಂದರಿ ಅದನ್ನು ತೆಗೆದುಕೊಂಡು ಬೈಂಡಿನ ಮೇಲಿದ್ದ ಹಸಿ ಕುಂಕುಮವನ್ನು ನೋಡಿದರು. “ಇವತ್ತು ಇದು ಪೂಜೇಲಿರ್ಬೇಕಲ್ವಾ?”

“ಹೌದು. ಅವತ್ತೇ ತೆಗೀಬೇಕಿತ್ತು.”

ಹೋಗ್ಲಿ ಬಿಡಿ ಶೀನಣ್ಣ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಅನ್ನಲಿಲ್ಲ. “ನಾಕೇ ಮಾರ್ಕ್ಸು ಕಮ್ಮಿ ಬಂದಿತ್ತು” ಎಂದರು. ಶೀನಣ್ಣ ತಲೆ ತಗ್ಗಿಸಿದರು. ನನಗೆ ನೆಲ ನೋಡದೆ ಬೇರೆ ದಾರಿ ಉಳಿಯಲಿಲ್ಲ.

ಬೆಂಚಿನ ಸದ್ದಾಯಿತು. ತ್ರಿಪುರಸುಂದರಿ ಮಾದರಿ ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಕೂತಿದ್ದರು. ಯಾರೂ ಪುಸ್ತಕ ತೆರೆಯದ ಆ ದಿನ ಮೊದಲ ಪಾಠ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಪುಟ ತಿರುವಿದರು.

ಅಷ್ಟರಲ್ಲಿ ಲಗ್ನಪತ್ರಿಕೆ ನೋಡಲು ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿದರು. ಕೈಕಟ್ಟಿ ನಿಂತೇ ಇದ್ದ ಶೀನಣ್ಣ ಅವರನ್ನು ತಡೆದರು.

“ಸ್ವಲ್ಪ ತಡೀರಿ,” ಎಂದರು, “ಯಜಮಾನ್ರು ಓದ್ತಿದಾರೆ.”