ಪರೀಕ್ಷೆಯ ಗೇಟಿನಲ್ಲಿ ಗುಂಡಿ ಕೀಳುವ ಓಬಳಮ್ಮ

ಬೆಳಗಿನ ಆರೂಕಾಲು. ರಾಯದುರ್ಗದ ಕಾಲೇಜೊಂದರ ಗೇಟಿನೆದುರು, ಬೇವಿನ ಮರದ ಕೆಳಗೆ ಓಬಳಮ್ಮ ಗೋಣಿಚೀಲ ಹಾಸಿ ಕೂತಿದ್ದಾರೆ. ಕೈಯಲ್ಲಿ ಇಕ್ಕಳ, ಸೆರಗಿಗೆ ಚುಚ್ಚಿದ ನಾಲ್ಕು ಸೂಜಿ. ಎದುರಿಗೆ ನಿಂತ ಆರಡಿ ಎತ್ತರದ ಯುವಕನ ಹೊಚ್ಚಹೊಸ ಜೀನ್ಸಿನಿಂದ ಲೋಹದ ಗುಂಡಿ ಟಕ್ಕೆಂದು ಕಿತ್ತು ಬರುತ್ತದೆ.

"ಪ್ಯಾಂಟು ಜಾರಿದ್ರ ಹೆಂಗವ್ವಾ?"

"ಜಿಪ್ಪು ಹೆಂಗೂ ಪ್ಲಾಸ್ಟಿಕ್ಕಿಂದೈತಿ, ಗುಂಡೀನೂ ಪ್ಲಾಸ್ಟಿಕ್ಕಿಂದೇ ಹಚ್ತೀನಿ, ನಿಂದ್ರೋ ಮಾರಾಯ! ಕುಣಿದ್ರ ಸೂಜಿ ಚುಚ್ಚತೈತಿ ನೋಡು."

ಇವತ್ತು ನರ್ಸಿಂಗ್ ಪ್ರವೇಶ ಪರೀಕ್ಷೆ. ಕಂಪ್ಯೂಟರಿನಲ್ಲಿ ಬರೆಯುವುದು, ಕ್ಯಾಮೆರಾ ಕಣ್ಗಾವಲು ಬೇರೆ. ಮೈಮೇಲೆ ಲೋಹದ ಚೂರೂ ಇರಕೂಡದೆಂದು ಹಾಲ್ ಟಿಕೆಟ್ಟಿನಲ್ಲಿ ಅಚ್ಚಾಗಿದೆ. ಅದನ್ನು ಓದುವ ಪುಣ್ಯಾತ್ಮರು ಯಾರು? ಪರೀಕ್ಷೆ ಎಂದರೆ ಮನೆಯವರು ಹೊಸ ಬಟ್ಟೆ ಹಾಕಿ ಕಳಿಸುತ್ತಾರೆ. ಬೀದಿಗೊಂದು ಜೀನ್ಸ್ ಹೊಲಿಯುವ ಯೂನಿಟ್ಟಿರುವ ಈ ಊರಿನಲ್ಲಿ ಹೊಸ ಬಟ್ಟೆ ಎಂದರೆ ಜೀನ್ಸೇ. ಎಂಟೂವರೆಗೆ ಗೇಟು ಹಾಕಿದರೆ ಮುಗಿಯಿತು, ಮತ್ತೆ ಮುಂದಿನ ವರ್ಷ.

ಐವತ್ತೊಂದರ ಓಬಳಮ್ಮ ಓದಿದ್ದು ನಾಲ್ಕನೇ ಕ್ಲಾಸು. ಹತ್ತೊಂಬತ್ತು ವರ್ಷಗಳಿಂದ ಜೀನ್ಸ್ ಯೂನಿಟ್ಟಿನಲ್ಲಿ ಗುಂಡಿ ಒತ್ತುವ ಮಷೀನಿನ ಮುಂದೆ ನಿಂತಿದ್ದಾರೆ. ದಿನಕ್ಕೆ ಸಾವಿರಕ್ಕೂ ಹೆಚ್ಚು ಪ್ಯಾಂಟು. ಹೆಬ್ಬೆರಳಿನ ಉಗುರು ಎರಡು ಸಲ ಜಜ್ಜಿಹೋಗಿದೆ. ಪರೀಕ್ಷೆ ಇದ್ದ ದಿನ ರಜೆ ಹಾಕಿ ಇಲ್ಲಿಗೆ ಬರುತ್ತಾರೆ. "ವಾರವೆಲ್ಲಾ ಹಚ್ಚೋದು, ಇವತ್ತು ಕೀಳೋದು. ನಮ್ಮ ಓನರು ನೋಡಿದ್ರ ಎದಿ ಒಡ್ಕಂತಾನ್ರಿ!" ಎಂದು ಪಕ್ಕದಲ್ಲಿ ಕೂತ ನನ್ನತ್ತ ನೋಡಿ ನಗುತ್ತಾರೆ.

ಆದರೆ ಇವತ್ತು ಆ ನಗುವಿನ ನಡುನಡುವೆ ಕಣ್ಣು ಬಸ್ಸು ಬರುವ ದಿಕ್ಕಿಗೇ ಓಡುತ್ತಿದೆ. ಕಣೇಕಲ್ಲಿನ ಹರಿತಾ ಬರಬೇಕು.

ಹೋದ ವರ್ಷ ಓಬಳಮ್ಮ ಯೂನಿಟ್ಟಿನಿಂದ ಒಂದು ಅಯಸ್ಕಾಂತ ತಂದಿದ್ದರು, ನೆಲಕ್ಕೆ ಬಿದ್ದ ಸೂಜಿ ಎತ್ತುವಂಥದ್ದು. ಒಬ್ಬೊಬ್ಬರನ್ನೇ ನಿಲ್ಲಿಸಿ ಮೈಮೇಲೆ ಆಡಿಸುವುದು, ಅಂಟದಿದ್ದರೆ "ಹೋಗಪ್ಪ" ಎನ್ನುವುದು. ಹರಿತಾಳ ಪ್ಯಾಂಟಿಗೂ ಅಂಟಲಿಲ್ಲ. ಗೇಟಿನ ತಪಾಸಣೆಯ ಯಂತ್ರ ಕುಂಯ್ ಎಂದಿತು. ಅವಳ ಗುಂಡಿ ಹಿತ್ತಾಳೆಯದು. ಹಿತ್ತಾಳೆ ಅಯಸ್ಕಾಂತಕ್ಕೆ ಎಲ್ಲಿ ಸಿಗುತ್ತದೆ? ಹುಡುಗಿ ಹೊರಗೋಡಿ ಬಂದು ಕೀಳಿಸಿಕೊಳ್ಳುವಷ್ಟರಲ್ಲಿ ಗೇಟು ಬಿತ್ತು.

"ಹಿತ್ತಾಳಿ ಗುಂಡಿ ಲಕ್ಷಗಟ್ಲೆ ಹಚ್ಚಿದಾಕಿ ನಾನು. ನನ್ನ ತಲಿಗೆ ಯಾಕ ಹೊಳೀಲಿಲ್ರಿ?" ಓಬಳಮ್ಮನ ದನಿ ಇಳಿಯುತ್ತದೆ. "ಆಕಿ ಅತ್ತಿದ್ದು ಈಗ್ಲೂ ಕಿವ್ಯಾಗೈತಿ. ಒಂದು ಮಾತೂ ಬೈಲಿಲ್ಲ ನೋಡ್ರಿ, ಬೈದಿದ್ರ ಹಗುರಾಗ್ತಿತ್ತು."

ಅಂದಿನಿಂದ ಅಯಸ್ಕಾಂತಕ್ಕೆ ಸಲಾಂ. ಈಗ ಕಣ್ಣು ಮುಚ್ಚಿ ಬೆರಳಿನಿಂದಲೇ ಹೊಲಿಗೆ ಹೊಲಿಗೆಯನ್ನೂ ತಡವುತ್ತಾರೆ. ಎಂಟರೊಳಗೆ ಮೂವತ್ತನಾಲ್ಕು ಮಂದಿ ಆಯಿತು.

ಎಂಟು ದಾಟಿ ಹತ್ತು ನಿಮಿಷಕ್ಕೆ ಹರಿತಾ ಓಡುತ್ತ ಬಂದಳು. ಬಸ್ಸು ಕೆಟ್ಟು ಆಟೋ ಹಿಡಿದಿದ್ದಾಳೆ. ಈ ಸಲ ಚೂಡಿದಾರ. ನೇರ ಗೇಟಿಗೆ ಹೋಗಬಹುದಿತ್ತು; ಹೋಗದೆ ಓಬಳಮ್ಮನ ಮುಂದೆಯೇ ಬಂದು ನಿಂತಳು.

"ನೋಡು ದೊಡ್ಡಮ್ಮ. ನೀ ನೋಡಿದ್ರ ನಂಗ ಧೈರ್ಯ."

ಓಬಳಮ್ಮನ ಬೆರಳು ತೋಳು, ಕೊರಳು ದಾಟಿ ಬೆನ್ನಿಗೆ ಬಂದು ನಿಂತಿತು. "ಅಯ್ಯೋ ನಿನ್ನ! ಬೆನ್ನಿಗೆ ಕಬ್ಬಿಣದ ಜಿಪ್ಪು ಐತಲ್ಲೇ!" ಹರಿತಾಳ ಮುಖ ಬಿಳಿಚಿಕೊಂಡಿತು. ಕಾವಲುಗಾರ ಗಡಿಯಾರ ನೋಡುತ್ತಿದ್ದ. ಮಕ್ಕಳ ಜೊತೆ ಬಂದಿದ್ದ ನಾಲ್ಕು ಹೆಂಗಸರು ಸುತ್ತ ಸೆರಗು ಹಿಡಿದು ಮರೆ ಮಾಡಿದರು. ಓಬಳಮ್ಮ ಕತ್ತರಿಯಿಂದ ಜಿಪ್ಪನ್ನೇ ಬಿಡಿಸಿ ಎಸೆದು, ದಪ್ಪ ದಾರದಲ್ಲಿ ಬೆನ್ನು ಮುಚ್ಚಿ ಹೊಲಿದುಬಿಟ್ಟರು.

ಎಂಟು ಇಪ್ಪತ್ತೇಳು. ಯಂತ್ರ ಮೇಲಿಂದ ಕೆಳಗೆ ಎರಡು ಸಲ ಆಡಿತು. ಸದ್ದಿಲ್ಲ. ಹರಿತಾ ಒಳಗೆ ಹೋದಳು, ಗೇಟು ಬಿತ್ತು.

ಓಬಳಮ್ಮ ಕಣ್ಣೊರೆಸಿಕೊಂಡು ಗಟ್ಟಿಯಾಗಿ ನಕ್ಕರು. ಸುತ್ತ ನಿಂತಿದ್ದ ನಮಗೆಲ್ಲ ಚಹಾ ಹೇಳಿದರು. ಕುಡಿದ ಮೇಲೆ, ಕೆಲಸ ಮುಗಿಯಿತಲ್ಲ, ಮನೆಗೆ ಹೊರಡುವುದಿಲ್ಲವೇ ಎಂದು ಕೇಳಿದೆ.

"ಹೆಂಗ್ ಹೋಗ್ಲಿ ರೀ? ಬೆನ್ನು ಹೊಲ್ದು ಕಳ್ಸೀನಿ. ಹೊರಗ ಬಂದ್ರ ಬಿಚ್ಚೋರು ಯಾರು?"