ಪುಟ್ಟರಂಗಯ್ಯನ ಮೂರು ಬೀದಿಯ ಡಂಗುರ

ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಸಿಕ್ಕಿಕೊಂಡಿರುವ ನಮ್ಮೂರು ಮೊದಲು ಮಂಡಲ ಪಂಚಾಯಿತಿಯಾಗಿತ್ತು, ಆಮೇಲೆ ಗ್ರಾಮ ಪಂಚಾಯಿತಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಟ್ಟಣ ಪಂಚಾಯಿತಿ. ಬೋರ್ಡು ಬದಲಾಯಿತೇ ಹೊರತು ನಲ್ಲಿ ನೀರು ಹೆಚ್ಚಲಿಲ್ಲ. ಡಂಗುರ ಸಾರುವ ಪುಟ್ಟರಂಗಯ್ಯನೂ ಬದಲಾಗಲಿಲ್ಲ.

ನೀರು ಬಿಡುವ ಹಿಂದಿನ ಸಂಜೆ ತಮಟೆ ಬಡಿಯುತ್ತಾ ಹೊರಡುತ್ತಿದ್ದ. ಪೇಟೆಬೀದಿಯಲ್ಲಿ ಕನ್ನಡ, ಮಸೀದಿ ಬೀದಿಯಲ್ಲಿ ಉರ್ದು, ಬೋವಿ ಕಾಲೋನಿಯಲ್ಲಿ ತೆಲುಗು. ಮೂರನ್ನೂ ಕಲಿತದ್ದು ಆಯಾ ಬೀದಿಯಲ್ಲೇ. ಇಷ್ಟು ವರ್ಷ ದಿನಗೂಲಿ. ಈಗ ಕೆಲಸ ಕಾಯಂ ಆಗುವ ಮಾತಿತ್ತು. ಸರಿಯಾಗಿ ಆಗಲೇ ಪೇಟೆಬೀದಿಯ ನಮ್ಮ ಮನೆ ಓನರ್ ಹೊಂಬಾಳಮ್ಮನವರಿಗೆ ಅನುಮಾನ ಹುಟ್ಟಿತು.

"ನಮ್ ಬೀದೀಲಿ ಒಂದ್ ಮಾತ್ ಹೇಳಿ ಹೋಯ್ತಾನೆ. ಆ ಮಸೀದಿ ಬೀದೀಲಿ ನಿಂತ್ಕಂಡು ಪುರಾಣ ಓದ್ತಾನೆ. ಅಂತಾದ್ದು ಏನಪ್ಪ ಅದು?"

ಅಧ್ಯಕ್ಷರಿಗೆ ದೂರು ಹೋಯಿತು. ಹೋಗಿ ಕೇಳಿಸಿಕೊಂಡು ಬಂದು ಸಾಕ್ಷಿ ಹೇಳಲು ನಾನು. ಬಾಡಿಗೆದಾರನಿಗೆ ಇಲ್ಲ ಎನ್ನುವ ಬಾಯಿ ಎಲ್ಲಿದೆ?

ಮಸೀದಿ ಬೀದಿಯ ಸೈಕಲ್ ಶಾಪಿನ ಮುಂದೆ ಹೋಗಿ ನಿಂತೆ. ಸೈಕಲ್ಲಿಲ್ಲದೆ ಅಲ್ಲಿ ನಿಂತವನ ಮೇಲೆ ಆ ಬೀದಿಗೂ ಅನುಮಾನ ಬಂತು. ಪುಟ್ಟರಂಗಯ್ಯ ಬಂದ, ಬಡಿದ, ಉದ್ದಕ್ಕೆ ಹೇಳಿದ. ನನಗೆ ತಿಳಿದದ್ದು ಪಾನಿ ಮತ್ತು ಮೋಟ್ರು ಎರಡೇ. ಶಾಪಿನ ಬಾಷಾ ಸಾಬರನ್ನು ಕೇಳಿದೆ.

"ನೀರು ಬೆಳಿಗ್ಗೆ ಆರಕ್ಕೆ ಅಂದ. ಪೇಟೆಬೀದಿಯೋರು ನಲ್ಲಿಗೆ ಕದ್ದು ಮೋಟ್ರು ಹಾಕಿ ಎಳ್ಕೊಂಬಿಡ್ತಾರೆ, ಅವ್ರು ಏಳೋಕ್ ಮುಂಚೆ ಹಿಡ್ಕಳಿ ಅಂದ. ತಮ್ದು ಯಾವ ಬೀದಿ?"

"ಗುಬ್ಬಿ ಕಡೆ," ಎಂದೆ.

ಹೊಂಬಾಳಮ್ಮನವರ ಬಚ್ಚಲ ಹಿಂದೆ ಗೋಣಿಚೀಲ ಹೊದ್ದು ಗುಂಯ್‌ಗುಟ್ಟುವ ಮೋಟರಿನ ನೀರಲ್ಲೇ ಅಂದು ಬೆಳಿಗ್ಗೆ ನನ್ನ ಸ್ನಾನವಾಗಿತ್ತು.

ಸೋಮವಾರ ಅಧ್ಯಕ್ಷರ ಕೊಠಡಿ, ನನ್ನ ಪಕ್ಕದಲ್ಲಿ ಹೊಂಬಾಳಮ್ಮ. ಪುಟ್ಟರಂಗಯ್ಯ ಕಂಕುಳಲ್ಲಿ ತಮಟೆ ಹಿಡಿದು ನನ್ನನ್ನೇ ನೋಡುತ್ತಿದ್ದ. ಸೈಕಲ್ ಶಾಪಿನ ಹತ್ತಿರ ಕಂಡಿದ್ದನಲ್ಲ. ನಿಜ ಹೇಳಿದರೆ, ಆಫೀಸು ಹೇಳದ್ದನ್ನು ಸಾರಿದ ತಪ್ಪಿಗೆ ಅವನ ಕೆಲಸ ಹೋಗುತ್ತದೆ. ನಮ್ಮ ಬೀದಿಯ ಮೋಟರುಗಳೂ ಹೋಗುತ್ತವೆ, ಹಿಂದೆಯೇ ನನ್ನ ಬಾಡಿಗೆ ಮನೆ.

"ಏನಂದ, ಹೇಳ್ರೀ," ಎಂದರು ಅಧ್ಯಕ್ಷರು.

"ನೀರು ಆರಕ್ಕೆ ಅಂದ ಸಾರ್. ಉರ್ದುವಿನಲ್ಲಿ ಅದು ಸ್ವಲ್ಪ ಉದ್ದ."

ಅಧ್ಯಕ್ಷರಿಗೂ ಉರ್ದು ಬಾರದು. ತಲೆಯಾಡಿಸಿ ದೂರನ್ನು ಪಕ್ಕಕ್ಕಿಟ್ಟರು.

ಹೊರಗೆ ಪುಟ್ಟರಂಗಯ್ಯ ಹತ್ತಿರ ಬಂದ. "ಉರ್ದು ಯಾವಾಗ್ ಕಲ್ತ್ರಿ ಸ್ವಾಮಿ?"

ಹೊಂಬಾಳಮ್ಮ ನನಗಿಂತ ಮುಂದೆ ನಡೆದು ಮನೆ ತಲುಪಿದರು. ಗೇಟಿನ ಚಿಲಕಕ್ಕೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಹಂಗಾರೆ ತೆಲುಗು ಎಷ್ಟುದ್ದ ಇರ್ತದಪ್ಪ? ನಾಳಿಕ್ಕೆ ಬೋವಿ ಕಾಲೋನಿಗೂ ಒಂದ್ ಸಲ ಹೋಗ್ಬಾ."